ಓದುಗರ ರಿವ್ಯೂ ಮತ್ತು ಆನ್‌ಲೈನ್ ಪುಸ್ತಕ ಮಾರಾಟ: ಕೊಡಗಿನ ಲೇಖಕರಿಗೆ ಹಂತ ಹಂತದ ಮಾರ್ಗದರ್ಶಿ

ಕೊಡಗಿನಲ್ಲಿ ಪುಸ್ತಕದ ಬಗ್ಗೆ ಮಾತಾಡುವವರಿಗೆ ಬರ ಇಲ್ಲ. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಅಕಾಡೆಮಿಯೂ ಇದೆ. 2014ರ ಜನವರಿಯಲ್ಲಿ 80ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆಯಿತು. ಪುಸ್ತಕ ಬಿಡುಗಡೆ ಅಂದರೆ ಜನ ಬರುತ್ತಾರೆ, ಪ್ರತಿ ಕೊಳ್ಳುತ್ತಾರೆ, ಓದುತ್ತಾರೆ ಕೂಡ. ಆಮೇಲೆ ಯಾವುದೋ ಮದುವೆ ಊಟದಲ್ಲಿ ಪಕ್ಕ ಕೂತು, "ನಿಮ್ಮ ಪುಸ್ತಕ ಓದಿದೆ ಮಾರಾಯ್ರೇ, ಆ ಅಜ್ಜಿ ಕಥೆ ಓದಿ ಕಣ್ಣಲ್ಲಿ ನೀರು ಬಂತು" ಎನ್ನುತ್ತಾರೆ.

ಆ ಮಾತು ಅಲ್ಲಿಗೇ ಮುಗಿಯುತ್ತದೆ. ಅದೇ ಪುಸ್ತಕವನ್ನು ಅಮೆಜಾನ್‌ನಲ್ಲೋ ಗೂಗಲ್ ಪ್ಲೇ ಬುಕ್ಸ್‌ನಲ್ಲೋ ತೆರೆಯುವ ಹುಬ್ಬಳ್ಳಿಯ ಓದುಗರಿಗೆ ಕಾಣುವುದು ಒಂದು ಮುಖಪುಟ, ಒಂದು ಬೆಲೆ, ಕೆಳಗೆ ಖಾಲಿ ಜಾಗ. ಅವರಿಗೆ ನೀವು ಯಾರೋ ಗೊತ್ತಿಲ್ಲ. ಅಂಗಡಿಯಲ್ಲಾದರೆ ಪುಸ್ತಕ ಕೈಗೆತ್ತಿಕೊಂಡು ನಾಲ್ಕು ಪುಟ ತಿರುವಬಹುದು, ಅಂಗಡಿಯವರನ್ನು ಕೇಳಬಹುದು. ಇಲ್ಲಿ ಅದೂ ಇಲ್ಲ. ಬೇರೆ ಓದುಗರು ಬರೆದಿಟ್ಟ ನಾಲ್ಕು ಸಾಲೇ ಅವರಿಗೆ ಆಧಾರ.

ಮದುವೆ ಊಟದಲ್ಲಿ ಕೇಳಿದ ಆ ಮಾತು, ಆಡಿದವರ ಕೈಯಿಂದಲೇ ಪುಸ್ತಕದ ಪುಟಕ್ಕೆ ಬರುವ ಹಾಗೆ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. "ಅವರ ಕೈಯಿಂದಲೇ" ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದೆ ಬರುವುದೆಲ್ಲ ಅದರ ಮೇಲೆ ನಿಂತಿದೆ.

ರಿವ್ಯೂಗಳಿಂದ ನಿಜವಾಗಲೂ ಪುಸ್ತಕ ಮಾರಾಟವಾಗುತ್ತದಾ?

ಆಗುತ್ತದೆ. ಜುಡಿತ್ ಶೆವಲಿಯರ್ ಮತ್ತು ಡೀನಾ ಮೇಜ್ಲಿನ್ ಎಂಬ ಇಬ್ಬರು ಸಂಶೋಧಕರು ಇದನ್ನು ಲೆಕ್ಕ ಹಾಕಿ ನೋಡಿ 2006ರಲ್ಲಿ ಪ್ರಕಟಿಸಿದ್ದಾರೆ. ಅಮೆರಿಕದ ಎರಡು ಆನ್‌ಲೈನ್ ಅಂಗಡಿಗಳು, ಅಮೆಜಾನ್ ಮತ್ತು ಬಾರ್ನ್ಸ್ ಆಂಡ್ ನೋಬಲ್. ಎರಡರಲ್ಲೂ ಅವೇ ಪುಸ್ತಕಗಳು. ಯಾವ ಅಂಗಡಿಯಲ್ಲಿ ಒಂದು ಪುಸ್ತಕದ ರಿವ್ಯೂಗಳು ಉತ್ತಮವಾದವೋ ಆ ಅಂಗಡಿಯಲ್ಲಿ ಅದರ ಮಾರಾಟ ಇನ್ನೊಂದಕ್ಕೆ ಹೋಲಿಸಿದರೆ ಏರಿತು. 5 ಸ್ಟಾರ್ ಎಷ್ಟು ಮೇಲಕ್ಕೆತ್ತುತ್ತದೋ ಅದಕ್ಕಿಂತ ಜಾಸ್ತಿ 1 ಸ್ಟಾರ್ ಕೆಳಕ್ಕೆ ಎಳೆಯುತ್ತದೆ ಎಂಬುದೂ ಗೊತ್ತಾಯಿತು. ನಮಗೆ ಮುಖ್ಯವಾದದ್ದು ಇನ್ನೊಂದಿದೆ: ಜನ ಬರೀ ಸ್ಟಾರ್ ಎಣಿಸಿ ಹೋಗುವುದಿಲ್ಲ, ಬರೆದದ್ದನ್ನು ಓದುತ್ತಾರೆ ಎಂಬ ಸುಳಿವು ಆ ಲೆಕ್ಕದಲ್ಲಿ ಸಿಕ್ಕಿತು.

ಕೆಟ್ಟ ವಿಮರ್ಶೆಗೆ ಹೆದರುವವರು 2010ರ ಇನ್ನೊಂದು ಅಧ್ಯಯನ ನೋಡಬೇಕು. ಜೋನಾ ಬರ್ಗರ್ ಮತ್ತು ಜೊತೆಗಾರರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಿಮರ್ಶೆಗಳನ್ನು ಪರಿಶೀಲಿಸಿದರು. ಹೆಸರಾಂತ ಲೇಖಕರ ಪುಸ್ತಕಕ್ಕೆ ಕೆಟ್ಟ ವಿಮರ್ಶೆ ಬಂದಾಗ ಮಾರಾಟ ಸುಮಾರು ಶೇ 15ರಷ್ಟು ಇಳಿಯಿತು. ಯಾರಿಗೂ ಗೊತ್ತಿಲ್ಲದ ಲೇಖಕರ ಪುಸ್ತಕಕ್ಕೆ ಬಂದಾಗ ಶೇ 45ರಷ್ಟು ಏರಿತು! ಅಂಥ ಪುಸ್ತಕವೊಂದು ಇದೆ ಅಂತ ಜನರಿಗೆ ಗೊತ್ತಾದದ್ದೇ ಅದಕ್ಕೆ ಕಾರಣ. ಅದು ದೊಡ್ಡ ಪತ್ರಿಕೆಯ ಮಾತು, ಓದುಗರ ಸ್ಟಾರ್‌ಗಳಿಗೆ ಅದೇ ಲೆಕ್ಕ ಹಾಕಲು ಬರುವುದಿಲ್ಲ. ಆದರೂ ಮೊದಲ ಪುಸ್ತಕ ತರುತ್ತಿರುವ ಶನಿವಾರಸಂತೆಯ ಅಥವಾ ನಾಪೋಕ್ಲುವಿನ ಲೇಖಕರಿಗೆ ಟೀಕೆಗಿಂತ ಮೌನವೇ ದೊಡ್ಡ ತೊಂದರೆ ಎಂಬುದಂತೂ ಇದರಿಂದ ಸ್ಪಷ್ಟ.

ಹಂತ 1: ಪುಸ್ತಕಕ್ಕೆ ಒಂದೇ ಪುಟ ಇರಲಿ

ರಿವ್ಯೂ ಕೇಳುವ ಮೊದಲು ಇದನ್ನು ಸರಿಮಾಡಿ. ಕನ್ನಡ ಪುಸ್ತಕಗಳಿಗೆ ಆನ್‌ಲೈನ್‌ನಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಅಂದರೆ ಒಂದೇ ಪುಸ್ತಕ ಎರಡು ಮೂರು ಕಡೆ ಬೇರೆ ಬೇರೆ ಹೆಸರಲ್ಲಿ ಇರುವುದು. ಒಬ್ಬ ಮಾರಾಟಗಾರರು ಇಂಗ್ಲಿಷ್ ಅಕ್ಷರದಲ್ಲಿ ಒಂದು ರೀತಿ ಹೆಸರು ಹಾಕಿರುತ್ತಾರೆ, ಇನ್ನೊಬ್ಬರು ಒಂದು ಅಕ್ಷರ ಜಾಸ್ತಿ ಸೇರಿಸಿರುತ್ತಾರೆ. ಇಲ್ಲಿ ನಾಲ್ಕು ರಿವ್ಯೂ, ಅಲ್ಲಿ ಮೂರು ರಿವ್ಯೂ ಹಂಚಿಹೋಗುತ್ತವೆ.

ಇದಕ್ಕೆ ಮದ್ದು ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸಲು ಕೊಡುವ ಸಂಖ್ಯೆ. ನಮ್ಮ ದೇಶದಲ್ಲಿ ಇದು ಉಚಿತ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಏಜೆನ್ಸಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸ್ವಂತವಾಗಿ ಪುಸ್ತಕ ತರುವವರಿಗೂ ಕೊಡುತ್ತಾರೆ. ಸಂಖ್ಯೆ ಸಿಕ್ಕಮೇಲೆ ಪುಸ್ತಕದ ಹೆಸರು, ನಿಮ್ಮ ಹೆಸರು ಕನ್ನಡದಲ್ಲಿ ಹೀಗೆ, ಇಂಗ್ಲಿಷ್ ಅಕ್ಷರದಲ್ಲಿ ಹೀಗೆ ಅಂತ ಒಂದು ಚೀಟಿಯಲ್ಲಿ ಬರೆದು ಎಲ್ಲ ಮಾರಾಟಗಾರರಿಗೂ ಅದನ್ನೇ ಕೊಡಿ. ಮನೆತನದ ಹೆಸರು ಇಟ್ಟುಕೊಂಡವರು ಇದರಲ್ಲಿ ಇನ್ನೂ ಜಾಗ್ರತೆ ವಹಿಸಬೇಕು. ಒಂದು ಕಡೆ ಮನೆತನದ ಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ ಆದರೆ ಹುಡುಕುವವರಿಗೆ ಇಬ್ಬರು ಲೇಖಕರ ಹಾಗೆ ಕಾಣುತ್ತದೆ.

ಹಂತ 2: ಎಲ್ಲಿ ರಿವ್ಯೂ ಬೇಕು ಅಂತ ತೀರ್ಮಾನಿಸಿ

ಎಲ್ಲ ಕಡೆ ಬೇಡ. ಒಂದೋ ಎರಡೋ ಜಾಗ ಸಾಕು.

ಅಚ್ಚಾದ ಪುಸ್ತಕ ಅಮೆಜಾನ್‌ನಲ್ಲಿದ್ದರೆ ಅಲ್ಲಿನ ರಿವ್ಯೂಗೆ ತೂಕ ಜಾಸ್ತಿ. ಅಲ್ಲೇ ಕೊಂಡವರು ಬರೆದರೆ "ವೆರಿಫೈಡ್ ಪರ್ಚೇಸ್" ಎಂಬ ಗುರುತು ಬರುತ್ತದೆ. ಬಿಡುಗಡೆಯ ದಿನ ನಿಮ್ಮ ಕೈಯಿಂದ ಕೊಂಡವರು ಬರೆದರೆ ಆ ಗುರುತು ಬರುವುದಿಲ್ಲ, ಆದರೆ ರಿವ್ಯೂ ಹಾಕಲು ತೊಂದರೆ ಇಲ್ಲ. ಒಂದು ಷರತ್ತಿದೆ: ಬರೆಯುವವರ ಖಾತೆಯಿಂದ ಇತ್ತೀಚೆಗೆ ಕನಿಷ್ಠ ಮೊತ್ತದ ಖರೀದಿ ಆಗಿರಬೇಕು. ಹೊಸದಾಗಿ ಖಾತೆ ತೆರೆದು ನೇರ ರಿವ್ಯೂ ಬರೆಯಲು ಹೋದರೆ ಬಿಡುವುದಿಲ್ಲ. ಅಲ್ಲಿ ಕಾಣುವ ಒಟ್ಟು ಸ್ಟಾರ್ ಕೂಡ ಬರೀ ಸರಾಸರಿ ಅಲ್ಲ. ರಿವ್ಯೂ ಎಷ್ಟು ಹೊಸದು, ಕೊಂಡವರು ಬರೆದದ್ದೋ ಅಲ್ಲವೋ ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಓದುಗರು ಪುಸ್ತಕಗಳ ಬಗ್ಗೆ ಬರೆಯುವ ಗುಡ್‌ರೀಡ್ಸ್ ತಾಣದಲ್ಲಿ ಖರೀದಿಯ ಷರತ್ತೇ ಇಲ್ಲ. ಪುಸ್ತಕ ಎಲ್ಲಿಂದ ಸಿಕ್ಕಿದರೂ ಬರೆಯಬಹುದು, ಗ್ರಂಥಾಲಯದಿಂದ ತಂದು ಓದಿದರೂ ಸರಿ. ಕೊಡಗಿನಲ್ಲಿ ಒಂದೇ ಪ್ರತಿ ನಾಲ್ಕು ಮನೆ ಸುತ್ತುತ್ತದೆ, ಹಾಗಾಗಿ ನನ್ನ ಪ್ರಕಾರ ನಮಗೆ ಇದು ಹೆಚ್ಚು ಹೊಂದುತ್ತದೆ. ಇ-ಪುಸ್ತಕ ಇದ್ದರೆ ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಇವೆ. ಕಂತು ಕಂತಾಗಿ ಕಥೆ ಬರೆಯುವವರಿಗೆ ಪ್ರತಿಲಿಪಿ ಎಂಬ ತಾಣದಲ್ಲಿ ಓದುಗರು ತಕ್ಷಣ ಸ್ಪಂದಿಸುತ್ತಾರೆ.

ಹಂತ 3: ಮೊದಲ ಓದುಗರನ್ನು ಆರಿಸಿಕೊಳ್ಳಿ

ಪುಸ್ತಕ ಅಂಗಡಿಗೆ ಹೋಗುವ ಮೊದಲೇ ಹದಿನೈದು ಇಪ್ಪತ್ತು ಪ್ರತಿ ಬೇರೆ ತೆಗೆದಿಡಿ. ಇವು ಮೊದಲ ಓದುಗರಿಗೆ. ಲೇಖಕರು ಹೀಗೆ ಉಚಿತ ಪ್ರತಿ ಕೊಡುವುದಕ್ಕೆ ಅಮೆಜಾನ್ ನಿಯಮದಲ್ಲಿ ಅವಕಾಶವಿದೆ. ಆದರೆ ಪ್ರತಿ ಕೊಟ್ಟೆ ಅಂತ ರಿವ್ಯೂ ಬರೆಯಲೇಬೇಕು ಎನ್ನುವಂತಿಲ್ಲ, ಒಳ್ಳೆಯದೇ ಬರೆಯಿರಿ ಅಂತಲೂ ಹೇಳುವಂತಿಲ್ಲ. ಬರೆಯುವವರು "ಲೇಖಕರು ಕೊಟ್ಟ ಪ್ರತಿ ಓದಿ ಬರೆದಿದ್ದೇನೆ" ಅಂತ ಒಂದು ಸಾಲು ಹಾಕಿದರೆ ಚೊಕ್ಕ.

ಯಾರಿಗೆ ಕೊಡಬೇಕು? ಬಿಡುಗಡೆಯಲ್ಲಿ ಮುಂದಿನ ಸಾಲಲ್ಲಿ ಕೂರುವವರಿಗೆಲ್ಲ ಹಂಚಿ ಮುಗಿಸಬೇಡಿ. ಅವರಲ್ಲಿ ಎಷ್ಟೋ ಜನ ಓದುವುದಿಲ್ಲ. ಪುಸ್ತಕ ಕಾಫಿ ಬೆಳೆಯ ಬಗ್ಗೆ ಇದ್ದರೆ ಮೂರ್ನಾಲ್ಕು ಎಕರೆ ತೋಟ ಇಟ್ಟುಕೊಂಡು ಸ್ವತಃ ದುಡಿಯುವವರಿಗೆ ಕೊಡಿ. ಕಾದಂಬರಿಯಾದರೆ ಊರಿನ ಗ್ರಂಥಪಾಲಕರಿಗೆ, ಓದುವ ಚಟ ಇರುವ ಟೀಚರ್‌ಗಳಿಗೆ. ಬೆಂಗಳೂರು, ಮೈಸೂರಲ್ಲಿ ನೆಲೆಸಿರುವ ಕೊಡಗಿನವರನ್ನು ಮರೆಯಬೇಡಿ. ಅವರಿಗೆ ಊರಿನ ನೆನಪೂ ಇದೆ, ಆನ್‌ಲೈನ್‌ನಲ್ಲಿ ಬರೆದು ರೂಢಿಯೂ ಇದೆ. ಕನಿಷ್ಠ ನಾಲ್ಕೈದು ಪ್ರತಿ ಕೊಡಗಿನ ಗಾಳಿಯೇ ಗೊತ್ತಿಲ್ಲದ ಬೀದರ್, ಶಿವಮೊಗ್ಗ, ಧಾರವಾಡದ ಓದುಗರಿಗೆ ಹೋಗಲಿ. ಐನ್‌ಮನೆ (ಮನೆತನದ ಮೂಲ ಮನೆ) ಅಂದರೇನು, ಪುತ್ತರಿ (ಸುಗ್ಗಿ ಹಬ್ಬ) ಯಾಕೆ ಮುಖ್ಯ ಅಂತ ಗೊತ್ತಿಲ್ಲದವರಿಗೂ ನಿಮ್ಮ ಪುಸ್ತಕ ರುಚಿಸುತ್ತದಾ ಅಂತ ಹೇಳಬಲ್ಲವರು ಅವರೇ. ಹೊರಗಿನ ಗಿರಾಕಿಗೂ ಬೇಕಾದ ಉತ್ತರ ಅದೇ.

ಅಂಚೆ ಖರ್ಚಿನ ಬಗ್ಗೆ: 2025ರ ಮೇ 1ರಿಂದ ಅಂಚೆ ಇಲಾಖೆ ಜ್ಞಾನ್ ಪೋಸ್ಟ್ ಎಂಬ ಸೇವೆ ಶುರು ಮಾಡಿತು. 300 ಗ್ರಾಂ ತನಕ 20 ರೂಪಾಯಿ, 5 ಕಿಲೋ ತನಕ 100 ರೂಪಾಯಿ ಅಂತ ದರ ಇಟ್ಟಿತು, ತೆರಿಗೆ ಬೇರೆ. ಶಿಕ್ಷಣ, ಸಮಾಜ, ಸಂಸ್ಕೃತಿ, ಧರ್ಮದ ಪುಸ್ತಕಗಳಿಗೆ ಈ ಸೇವೆ. ನಿಮ್ಮ ಪುಸ್ತಕ ಇದಕ್ಕೆ ಸೇರುತ್ತದಾ, ಈಗಿನ ದರ ಎಷ್ಟು ಅಂತ ಕೌಂಟರ್‌ನಲ್ಲಿ ಕೇಳಿಕೊಳ್ಳಿ. ಮಳೆಗಾಲದಲ್ಲಿ ಕಳಿಸುವುದಾದರೆ ಮೊದಲು ಪ್ಲಾಸ್ಟಿಕ್ ಕವರ್ ಹಾಕಿ ಅಂಟಿಸಿ, ಅದರ ಮೇಲೆ ಕಾಗದ ಸುತ್ತಿ. ಬಾಕಿ ಪ್ರತಿಗಳನ್ನು ಗೋಡೆಗೆ ತಾಗಿಸಿ ಇಡಬೇಡಿ. ಜುಲೈ ತಿಂಗಳ ನಮ್ಮ ಗೋಡೆಗಳು ಗೊತ್ತಲ್ಲ, ಎರಡೇ ವಾರಕ್ಕೆ ರಟ್ಟಿನ ಮೇಲೆ ಬೂಷ್ಟು ಬರುತ್ತದೆ. "ಪುಸ್ತಕ ಮುಗ್ಗಲು ವಾಸನೆ" ಎಂಬ ಒಂದೇ ರಿವ್ಯೂ ಸಾಕು, ಒಳಗಿನ ಬರವಣಿಗೆಯ ಬಗ್ಗೆ ಯಾರೂ ಕೇಳುವುದಿಲ್ಲ.

ಹಂತ 4: ಯಾವಾಗ ಕೇಳಬೇಕು, ಹೇಗೆ ಕೇಳಬೇಕು

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ನೋಡೋಣ.

ಕೊಡಗಿನ ವರ್ಷಕ್ಕೆ ಅದರದ್ದೇ ಲಯ ಇದೆ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ, ಫೆಬ್ರವರಿ ಮಾರ್ಚ್ ತನಕ ತೋಟದವರಿಗೆ ಉಸಿರಾಡಲೂ ಹೊತ್ತಿಲ್ಲ. ನಡುವೆ ಪುತ್ತರಿ. ಏಪ್ರಿಲ್ ಮೇ ಅಂದರೆ ಮದುವೆಗಳು. ಆ ದಿನಗಳಲ್ಲಿ "ರಿವ್ಯೂ ಬರೆದ್ರಾ?" ಅಂತ ಕೇಳಿದರೆ ಯಾರಿಗಾದರೂ ಕಿರಿಕಿರಿಯೇ. ಜನ ಕೂತು ಓದುವುದು ಮಳೆಗಾಲದಲ್ಲಿ. ಆದರೆ ಆಗಲೇ ಕರೆಂಟ್ ಹೋಗುವುದು, ಟವರ್ ಸತ್ತುಹೋಗುವುದು. ಹಾಗಾಗಿ ಪ್ರತಿಯನ್ನು ಮೇ ಕೊನೆಯೊಳಗೆ ತಲುಪಿಸಿ, ಅನಿಸಿಕೆಯನ್ನು ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ, ಅಂದರೆ ಸೆಪ್ಟೆಂಬರ್ ಹೊತ್ತಿಗೆ ಕೇಳಿ. ಮಳೆಯ ನಡುವೆಯೇ ಓದಿ ಮುಗಿಸಿದವರಿಗೆ ಒಂದು ಉಪಾಯ ಹೇಳಿ: ಅನಿಸಿದ್ದನ್ನು ಮೊಬೈಲ್‌ನ ನೋಟ್ಸ್‌ನಲ್ಲಿ ಬರೆದಿಟ್ಟುಕೊಳ್ಳಲಿ, ಪೇಟೆಗೆ ಹೋದಾಗ ಅಂಟಿಸಲಿ. ಅರ್ಧ ಬರೆದಾಗ ನೆಟ್‌ವರ್ಕ್ ಹೋಗಿ ಎಲ್ಲ ಅಳಿಸಿಹೋದರೆ ಎರಡನೇ ಸಲ ಯಾರೂ ಬರೆಯುವುದಿಲ್ಲ.

ಕೇಳಲು ಒಳ್ಳೆಯ ಗಳಿಗೆ ಅಂದರೆ ಓದುಗರು ತಾವಾಗಿಯೇ ಪುಸ್ತಕದ ಮಾತು ತೆಗೆದಾಗ. ಯಾರಾದರೂ ಫೋನ್ ಮಾಡಿ "ಓದಿದೆ" ಅಂದರೆ, ವಾಟ್ಸಾಪ್‌ನಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರೆ, ಅದೇ ದಿನ ಸಂಜೆ ಹೀಗೆ ಬರೆಯಿರಿ:

"ಅಕ್ಕಾ, ಪುಸ್ತಕ ಓದಿ ಇಷ್ಟು ಹೇಳಿದ್ರಲ್ಲ, ತುಂಬಾ ಖುಷಿಯಾಯ್ತು. ಫೋನಲ್ಲಿ ಹೇಳಿದ್ದನ್ನೇ ಈ ಲಿಂಕ್‌ನಲ್ಲಿ ನಾಲ್ಕು ಸಾಲು ಬರೀತೀರಾ? ಕೊನೆಯ ಅಧ್ಯಾಯ ಉದ್ದ ಆಯ್ತು ಅಂದ್ರಲ್ಲ, ಅದನ್ನೂ ಬರೆಯಿರಿ, ನನಗೆ ಬೇಜಾರಿಲ್ಲ. ಕನ್ನಡದಲ್ಲೇ ಸಾಕು. ಆಗದಿದ್ದರೂ ಪರವಾಗಿಲ್ಲ."

ಇದರಲ್ಲಿ ಏನೇನಿದೆ ನೋಡಿ. ನೇರ ಲಿಂಕ್ ಇದೆ, ಅವರು ಹುಡುಕಿಕೊಂಡು ಹೋಗಬೇಕಿಲ್ಲ. ಹೊಸದಾಗಿ ಯೋಚಿಸುವ ಕೆಲಸವೂ ಇಲ್ಲ, ಹೇಳಿದ್ದನ್ನೇ ಬರೆಯುವುದು. ಟೀಕೆಗೆ ಬಾಗಿಲು ತೆರೆದಿದೆ. ಆಗದಿದ್ದರೆ ಬಿಡಬಹುದು ಎಂಬ ಮಾತೂ ಇದೆ. ಸ್ಟಾರ್ ಎಷ್ಟು ಕೊಡಬೇಕು ಎಂಬ ಮಾತು ಮಾತ್ರ ಇಲ್ಲ, ಇರಲೂ ಬಾರದು. ಈ ಸಂದೇಶವನ್ನು ಇನ್ನೂರು ಜನರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಗುಂಪಿಗೆ ಹಾಕಿದ್ದಕ್ಕೆ ಹೂವಿನ ಚಿತ್ರ, ಕೈಮುಗಿದ ಚಿತ್ರ ಬರುತ್ತವೆ ಅಷ್ಟೇ. ಒಬ್ಬೊಬ್ಬರಿಗೇ ಕಳಿಸಿ. ಒಮ್ಮೆ ನೆನಪಿಸಬಹುದು, ಎರಡನೇ ಸಲ ಬೇಡ.

ಟೈಪ್ ಮಾಡಲು ಬರದ ಹಿರಿಯರಿಗೆ ಮೊಬೈಲ್ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗುತ್ತದೆ ಅಂತ ತೋರಿಸಿಕೊಡಿ. ಮೊಮ್ಮಕ್ಕಳು ಪಕ್ಕ ಕೂತು ಸಹಾಯ ಮಾಡಲಿ. ಖಾತೆ ಅವರದ್ದಾಗಿರಬೇಕು, ಮಾತು ಅವರದ್ದಾಗಿರಬೇಕು. ಅವರ ವಾಯ್ಸ್ ಮೆಸೇಜ್ ಕೇಳಿ ನೀವೇ ಬರೆದು ನೀವೇ ಹಾಕುವುದು ಸರಿಯಲ್ಲ. ಹೆಸರು ಎಲ್ಲರಿಗೂ ಕಾಣುವುದು ಬೇಡ ಅನ್ನುವವರು ಅಮೆಜಾನ್ ಪ್ರೊಫೈಲ್‌ನಲ್ಲಿ ಹೊರಗೆ ಕಾಣುವ ಹೆಸರನ್ನು ಬದಲಿಸಿಕೊಳ್ಳಬಹುದು.

ಹಂತ 5: ಏನು ಬರೆಯಬೇಕು ಅಂತ ಕೇಳಿದರೆ

ಕೇಳಿಯೇ ಕೇಳುತ್ತಾರೆ. "ನಮಗೆ ಅಷ್ಟೆಲ್ಲ ಬರೆಯಲು ಬರುವುದಿಲ್ಲ" ಅಂತಲೂ ಹೇಳುತ್ತಾರೆ. ಆಗ ಸಾಲುಗಳನ್ನು ಹೇಳಿಕೊಡಬೇಡಿ, ಪ್ರಶ್ನೆ ಕೊಡಿ. ಎಲ್ಲಿ ನಿಲ್ಲಿಸಲಾಗದೆ ಓದಿದಿರಿ? ಎಲ್ಲಿ ಬೋರ್ ಆಯಿತು? ಯಾರಿಗೆ ಈ ಪುಸ್ತಕ ಕೊಡುತ್ತೀರಿ? ಇಷ್ಟು ಸಾಕು.

ವ್ಯತ್ಯಾಸ ಗೊತ್ತಾಗಲು ಎರಡು ಮಾದರಿ ನೋಡಿ. ಎರಡೂ ನಾನೇ ಮಾಡಿದವು.

"ಅದ್ಭುತ ಪುಸ್ತಕ. ಎಲ್ಲರೂ ಓದಲೇಬೇಕು. ಲೇಖಕರಿಗೆ ಅಭಿನಂದನೆಗಳು."

"ಒಂಬತ್ತು ಕಥೆ ಇವೆ. ಮೊದಲ ಎರಡು ಸ್ವಲ್ಪ ನಿಧಾನ. ಲೈನ್ ಮನೆಯ ಹುಡುಗಿಯ ಕಥೆಯನ್ನು ಎರಡು ಸಲ ಓದಿದೆ. ಕೊಡವ ತಕ್ಕ್ ಮಾತುಗಳು ಅಲ್ಲಲ್ಲಿ ಬರುತ್ತವೆ, ಅರ್ಥ ಕೊನೆಯಲ್ಲಿ ಕೊಟ್ಟಿದ್ದಾರೆ. ಅಕ್ಷರ ಸಣ್ಣದು, ಅಮ್ಮನಿಗೆ ಓದಲು ಕಷ್ಟ ಆಯಿತು."

ಮೊದಲನೆಯದನ್ನು ಯಾವ ಪುಸ್ತಕದ ಕೆಳಗೂ ಅಂಟಿಸಬಹುದು. ಲೇಖಕರಿಗೆ ಖುಷಿ ಕೊಡುತ್ತದೆ, ಕೊಳ್ಳುವವರಿಗೆ ಏನೂ ತಿಳಿಸುವುದಿಲ್ಲ. ಎರಡನೆಯದರಲ್ಲಿ ಎರಡು ದೂರು ಇವೆ, ಆದರೂ ಪುಸ್ತಕ ಮಾರುವುದು ಅದೇ. ಎಷ್ಟು ಕಥೆ, ಎಂಥ ಕಥೆ, ಭಾಷೆ ಅರ್ಥವಾಗುತ್ತದಾ ಎಂಬುದಕ್ಕೆಲ್ಲ ಉತ್ತರ ಸಿಕ್ಕಿತು. ಸಣ್ಣ ಅಕ್ಷರದ ದೂರು ಓದಿದಾಗ, ಬರೆದವರು ಪುಸ್ತಕವನ್ನು ನಿಜವಾಗಲೂ ಕೈಯಲ್ಲಿ ಹಿಡಿದಿದ್ದರು ಅಂತ ನಂಬಿಕೆ ಹುಟ್ಟುತ್ತದೆ. ಬರೀ 5 ಸ್ಟಾರ್ ಹೊಗಳಿಕೆಯೇ ತುಂಬಿದ ಪುಟ ನೋಡಿದರೆ ನಿಮಗೂ ಅನುಮಾನ ಬರುತ್ತದೆ, ಅಲ್ವಾ?

ಹಂತ 6: ಮಾಡಲೇಬಾರದ ಕೆಲಸಗಳು

ಮನೆಯವರಿಂದ ಬರೆಸಬೇಡಿ. ಲೇಖಕರ ಕುಟುಂಬದವರು, ಆಪ್ತ ಗೆಳೆಯರು ರಿವ್ಯೂ ಬರೆಯುವುದಕ್ಕೆ ಅಮೆಜಾನ್‌ನಲ್ಲಿ ಅವಕಾಶ ಇಲ್ಲ, ಸಂಬಂಧ ಕಂಡುಬಂದರೆ ಅಳಿಸುತ್ತಾರೆ. ಕೊಡಗಿನಲ್ಲಿ ಇದು ದೊಡ್ಡ ವಿಷಯ. ಇಲ್ಲಿ ಯಾರು ಯಾರಿಗೆ ನೆಂಟರಲ್ಲ ಹೇಳಿ? ಒಂದೇ ಒಕ್ಕದಲ್ಲಿ, ಅಂದರೆ ಒಂದೇ ಮನೆತನದಲ್ಲಿ, ನೂರಾರು ಜನ ಇರುತ್ತಾರೆ, ಎಲ್ಲರ ಹೆಸರಿನ ಜೊತೆಗೂ ಅದೇ ಮನೆತನದ ಹೆಸರು. ಮುಖಪುಟದಲ್ಲಿ ಇರುವ ಮನೆತನದ ಹೆಸರೇ ಕೆಳಗಿನ ಆರು ರಿವ್ಯೂಗಳಲ್ಲೂ ಇದ್ದರೆ ಯಾವ ಕಂಪ್ಯೂಟರೂ ಬೇಡ, ಗೋಣಿಕೊಪ್ಪದ ಸಂತೆಗೆ ಬಂದ ಯಾರು ನೋಡಿದರೂ ಸಂಗತಿ ತಿಳಿಯುತ್ತದೆ. ನೆಂಟರು ಪ್ರೀತಿಯಿಂದಲೇ ಬರೆದಿರಬಹುದು. ಆದರೆ ಅವರ ಜೊತೆಗೆ ನಿಜವಾದ ಓದುಗರ ರಿವ್ಯೂ ಕೂಡ ಬೆಲೆ ಕಳೆದುಕೊಳ್ಳುತ್ತದೆ. ಒಕ್ಕದವರಿಗೆ ಬೇರೆ ಕೆಲಸ ಕೊಡಿ: ಪುಸ್ತಕ ಕೊಂಡು ಊರಿನ ಶಾಲೆಯ ಲೈಬ್ರರಿಗೆ ಕೊಡಲಿ, ಸ್ನೇಹಿತರಿಗೆ ಹೇಳಲಿ.

ದುಡ್ಡು ಕೊಟ್ಟು ಬರೆಸಬೇಡಿ. "ಇಷ್ಟಕ್ಕೆ ಐವತ್ತು ರಿವ್ಯೂ" ಅಂತ ಸಂದೇಶ ಬಂದರೆ ಉತ್ತರಿಸಲೂ ಹೋಗಬೇಡಿ. ರಿವ್ಯೂ ಬರೆದರೆ ಕಾಫಿ ಪುಡಿ, ಜೇನು ಕಳಿಸುತ್ತೇನೆ ಅನ್ನುವುದೂ ಅದೇ ಸಾಲಿಗೆ ಸೇರುತ್ತದೆ. ಇಬ್ಬರು ಲೇಖಕರು ಒಬ್ಬರಿಗೊಬ್ಬರು 5 ಸ್ಟಾರ್ ಕೊಟ್ಟುಕೊಳ್ಳುವ ಒಪ್ಪಂದವೂ ಬೇಡ.

ಬೇರೆ ಹೆಸರಲ್ಲಿ ನೀವೇ ಬರೆಯಬೇಡಿ. 2004ರಲ್ಲಿ ಅಮೆಜಾನ್‌ನ ಕೆನಡಾ ತಾಣದಲ್ಲಿ ತಾಂತ್ರಿಕ ದೋಷ ಉಂಟಾಗಿ, ಹೆಸರು ಮರೆಮಾಡಿ ರಿವ್ಯೂ ಬರೆದವರ ನಿಜವಾದ ಹೆಸರುಗಳು ಹೊರಗೆ ಬಿದ್ದವು. ತಮ್ಮ ಪುಸ್ತಕವನ್ನು ತಾವೇ ಹೊಗಳಿಕೊಂಡ ಲೇಖಕರು ಅದರಲ್ಲಿದ್ದರು. ನಮ್ಮಲ್ಲಿ ಇದು ಕಾನೂನಿನ ವಿಷಯವೂ ಹೌದು. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಮಾರಾಟಗಾರರು ಗ್ರಾಹಕರ ವೇಷದಲ್ಲಿ ರಿವ್ಯೂ ಹಾಕುವಂತಿಲ್ಲ. 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿದೆ.

ಹಂತ 7: ಕೆಟ್ಟ ರಿವ್ಯೂ ಬಂದಾಗ

ಮೊದಲ ದಿನ ಏನೂ ಮಾಡಬೇಡಿ. ಬೇಸರ ಆಗುತ್ತದೆ, ಆಗಲಿ. ವರ್ಷಗಟ್ಟಲೆ ಕೂತು ಬರೆದದ್ದನ್ನು ಯಾರೋ ಒಂದು ಸಾಲಲ್ಲಿ ತಳ್ಳಿಹಾಕಿದರೆ ನೋವಾಗದೆ ಇರುತ್ತದಾ? ಆದರೆ ಅಲ್ಲಿ ಹೋಗಿ ವಾದ ಮಾಡಬೇಡಿ, ಸ್ನೇಹಿತರನ್ನು ಕಳಿಸಿ ಮಾಡಿಸಬೇಡಿ. ನಿಮ್ಮ ಜಗಳ ಓದಿದ ಗಿರಾಕಿ ಪುಸ್ತಕ ಬಿಟ್ಟು ಹೋಗುತ್ತಾರೆ.

ಮರುದಿನ ಮತ್ತೆ ಓದಿ. ದೂರು ಎಂಥದ್ದು ಅಂತ ನೋಡಿ. "ಪ್ಯಾಕೆಟ್ ಒದ್ದೆಯಾಗಿ ಬಂತು, ಹಾಳೆ ಅಂಟಿಕೊಂಡಿದೆ" ಅಂತಿದ್ದರೆ ಅದು ಮಾರಾಟಗಾರರ ಬಗ್ಗೆ ಬರೆದದ್ದು. ಸಾಗಾಣಿಕೆಯ ದೂರಿಗೆ ಅಮೆಜಾನ್‌ನಲ್ಲಿ ಬೇರೆ ಜಾಗ ಇದೆ. ಅಂಥ ರಿವ್ಯೂವನ್ನು ವರದಿ ಮಾಡಿದರೆ ತೆಗೆಯುವ ಸಾಧ್ಯತೆ ಇದೆ. ಬೈಗುಳ, ಜಾತಿ ನಿಂದನೆ ಇದ್ದರೂ ವರದಿ ಮಾಡಿ. "ಕಥೆ ಹಿಡಿಸಲಿಲ್ಲ" ಅಂತಿದ್ದರೆ ಅದು ಅವರ ಹಕ್ಕು, ಹಾಗೇ ಬಿಡಿ.

ಮೂರು ಜನ ಒಂದೇ ಮಾತು ಹೇಳಿದರೆ ಮಾತ್ರ ಎದ್ದು ಕೂತು ಗಮನಿಸಿ. "ಕೊಡವ ಮಾತು, ಅರೆಭಾಷೆ ಮಾತು ಅರ್ಥ ಆಗಲಿಲ್ಲ" ಅಂತ ಹೊರಜಿಲ್ಲೆಯ ಮೂವರು ಬರೆದಿದ್ದಾರೆ ಅಂದುಕೊಳ್ಳಿ. ಆ ಮಾತುಗಳನ್ನು ಕಿತ್ತುಹಾಕಬೇಡಿ, ಪುಸ್ತಕದ ಜೀವ ಇರುವುದೇ ಅಲ್ಲಿ. ಕೊನೆಯಲ್ಲಿ ಎರಡು ಪುಟದ ಅರ್ಥಪಟ್ಟಿ ಸೇರಿಸಿ. ಇ-ಪುಸ್ತಕವಾದರೆ ಹೊಸ ಫೈಲ್ ಹಾಕಿದರಾಯಿತು. ಅಚ್ಚಿನ ಪುಸ್ತಕಕ್ಕೆ ಮುಂದಿನ ಮುದ್ರಣದ ತನಕ ಕಾಯಬೇಕು. ಅಲ್ಲಿಯವರೆಗೆ ಮಾರಾಟದ ಪುಟದ ವಿವರಣೆಯಲ್ಲೇ "ಕೊಡವ ಮತ್ತು ಅರೆಭಾಷೆಯ ಮಾತುಗಳು ಇವೆ" ಅಂತ ಬರೆದುಬಿಡಿ. ಗೊತ್ತಿದ್ದು ಕೊಂಡವರು ದೂರುವುದಿಲ್ಲ.

ಹಂತ 8: ಬಂದ ರಿವ್ಯೂಗಳನ್ನು ಬಳಸಿಕೊಳ್ಳಿ

ಒಳ್ಳೆಯ ಸಾಲೊಂದನ್ನು ಹಿಂಬದಿಯ ರಕ್ಷಾಪುಟಕ್ಕೋ ಫೇಸ್‌ಬುಕ್ ಪೋಸ್ಟಿಗೋ ಹಾಕುವ ಮುನ್ನ ಬರೆದವರನ್ನು ಕೇಳಿ. ಅದು ಅವರ ಬರಹ. ಸಾಲನ್ನು ತಿದ್ದಬೇಡಿ. ನಡುವಿನ "ಆದರೆ" ಕತ್ತರಿಸಿ ಹೊಗಳಿಕೆ ಮಾತ್ರ ಉಳಿಸಿಕೊಳ್ಳುವುದು ಓದುಗರಿಗೆ ಮಾಡುವ ಮೋಸ. ವಾಟ್ಸಾಪ್‌ನಲ್ಲಿ ಬಂದ ಮಾತು, ಅಂಚೆಯಲ್ಲಿ ಬಂದ ಪತ್ರಗಳಿಗೂ ಇದೇ ನಿಯಮ. ಪತ್ರಿಕೆಯ ವಿಮರ್ಶೆಯಾದರೆ ಪತ್ರಿಕೆಯ ಹೆಸರು ಹಾಕಿ.

ಎರಡನೇ ಮುದ್ರಣಕ್ಕೆ ಹೋಗುವಾಗ ಒಂದು ವಿಷಯ ನೆನಪಿಡಿ. ಇದ್ದ ಹಾಗೇ ಮರುಮುದ್ರಣ ಮಾಡಿದರೆ ಹಳೆಯ ಐಎಸ್‌ಬಿಎನ್ ಸಾಕು, ರಿವ್ಯೂಗಳೂ ಅದೇ ಪುಟದಲ್ಲಿ ಉಳಿಯುತ್ತವೆ. ಪರಿಷ್ಕರಿಸಿ ಹೊಸ ಆವೃತ್ತಿ ತಂದರೆ ಹೊಸ ಸಂಖ್ಯೆ ಬೇಕು, ಆಗ ಹೊಸ ಪುಟ ಹುಟ್ಟಿ ರಿವ್ಯೂ ಮತ್ತೆ ಸೊನ್ನೆಯಿಂದ ಶುರುವಾಗುವ ಅಪಾಯ ಇದೆ. ಗುಡ್‌ರೀಡ್ಸ್‌ನಲ್ಲಿ ಎರಡು ಆವೃತ್ತಿಗಳನ್ನು ಒಂದುಗೂಡಿಸಲು ಅಲ್ಲಿನ ಲೈಬ್ರೇರಿಯನ್ ಗುಂಪನ್ನು ಕೇಳಿ. ಅಮೆಜಾನ್‌ನಲ್ಲಾದರೆ ಹೊಸ ಪುಟವನ್ನು ಹಳೆಯದರ ಜೊತೆ ಜೋಡಿಸಲು ನಿಮ್ಮ ಮಾರಾಟಗಾರರ ಮೂಲಕ ಮನವಿ ಹಾಕಿ. ಹೊಸ ಪ್ರತಿಗಳು ಪ್ರೆಸ್‌ನಿಂದ ಬರುವ ಮೊದಲೇ ಈ ಕೆಲಸ ಶುರು ಮಾಡಿ.